ಗರುಡಫಲದ ಎಣ್ಣೆ: ಒಂದು ಮದ್ದಿನ ಚರಿತ್ರೆ ಮತ್ತು ಔಷಧ ನಿರೋಧದ ಪ್ರಶ್ನೆ

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ಹೆಚ್ಚಾಗಿ ಹಳ್ಳ ತೊರೆಗಳ ಅಂಚಿನಲ್ಲಿ ಬೆಳೆಯುವ ಮರವೊಂದಕ್ಕೆ ಕನ್ನಡದಲ್ಲಿ ಗರುಡಫಲವೆಂದೂ ಸುರಂಟಿಯೆಂದೂ ಹೆಸರುಂಟು. ಮಲಯಾಳದಲ್ಲಿ ಇದು ಮರೊಟ್ಟಿ, ಮರಾಠಿಯಲ್ಲಿ ಕಡು ಕವಠ, ಸಂಸ್ಕೃತ ವೈದ್ಯಗ್ರಂಥಗಳಲ್ಲಿ ತುವರಕ. ಸಸ್ಯಶಾಸ್ತ್ರಜ್ಞರು ಹಿಂದೆ ಹೈಡ್ನೊಕಾರ್ಪಸ್ ವೈಟಿಯಾನ ಎಂದು ಕರೆದು ಈಗ ಹೈಡ್ನೊಕಾರ್ಪಸ್ ಪೆಂಟಾಂಡ್ರಸ್ ಎನ್ನುತ್ತಾರೆ. ಗಟ್ಟಿ ಸಿಪ್ಪೆಯ ದುಂಡನೆಯ ಕಾಯಿ, ಒಳಗೆ ತಿರುಳಿನ ನಡುವೆ ಒತ್ತಾಗಿ ಕುಳಿತ ಬೀಜಗಳು. ಆ ಬೀಜಗಳಿಂದ ಎಣ್ಣೆ. ಕೇರಳದಲ್ಲಿ ಇದೇ ಕಾಯಿಯನ್ನು ಎರಡು ಹೋಳು ಮಾಡಿ, ತಿರುಳನ್ನು ತೆಗೆದು, ಚಿಪ್ಪನ್ನೇ ಹಣತೆಯಾಗಿ ಹಚ್ಚುವ ರೂಢಿಯಿದೆ. ಈ ಮರದ ಎಣ್ಣೆ ಮತ್ತು ಇದರ ಸಮೀಪ ಬಂಧುಗಳಾದ ಬರ್ಮಾ, ಅಸ್ಸಾಂ ಕಡೆಯ ಮರಗಳ ಎಣ್ಣೆ ಜಗತ್ತಿನ ಮಾರುಕಟ್ಟೆಯಲ್ಲಿ ಚಾಲ್‌ಮೋಗ್ರಾ ಎಂಬ ಒಂದೇ ಹೆಸರಿನಲ್ಲಿ ಸಾಗಿ, 1940ರ ದಶಕದವರೆಗೂ ಕುಷ್ಠರೋಗಕ್ಕೆ ಆಸ್ಪತ್ರೆಗಳು ನೆಚ್ಚಿದ್ದ ಮುಖ್ಯ ಮದ್ದಾಗಿತ್ತು. ಆಮೇಲೆ ಅದು ಮೂಲೆಗೆ ಸರಿಯಿತು. 2000ದಲ್ಲಿ, ಬ್ಯಾಕ್ಟೀರಿಯಾಗಳು ಔಷಧಗಳನ್ನು ಹೇಗೆ ಎದುರಿಸಿ ನಿಲ್ಲುತ್ತವೆ ಎಂಬುದನ್ನು ಶೋಧಿಸುತ್ತಿದ್ದ ಪ್ರಯೋಗಾಲಯವೊಂದರಲ್ಲಿ ಅದರ ಒಂದು ಚಿಕ್ಕ ಅಂಶ ಅನಿರೀಕ್ಷಿತವಾಗಿ ಮತ್ತೆ ಮುಖ ತೋರಿತು. ಈ ದೀರ್ಘ ಪಯಣದಲ್ಲಿ ಜನಪದ ಜ್ಞಾನದ ಯಾವ ಭಾಗವನ್ನು ಯಾರು ದಾಖಲಿಸಿದರು, ಯಾವುದನ್ನು ಕೈಬಿಟ್ಟರು ಎಂಬುದು ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಮೊದಲು ಹೆಸರಿನ ವಿಚಾರ. ಕರಾವಳಿ ಮತ್ತು ಘಟ್ಟದ ಸೀಮೆಯಲ್ಲಿ ಚರ್ಮರೋಗಗಳನ್ನು ನಾಗದೋಷದೊಂದಿಗೆ ಜೋಡಿಸುವ ನಂಬಿಕೆ ಆಳವಾದದ್ದು. ಕುಕ್ಕೆ ಸುಬ್ರಹ್ಮಣ್ಯದ ಹುತ್ತದ ಮಣ್ಣು ಮೃತ್ತಿಕೆ ಪ್ರಸಾದವಾಗಿ ಮನೆಮನೆಗೆ ಹೋಗುವುದರ ಹಿಂದೆಯೂ, ಅಲ್ಲಿನ ಉರುಳುಸೇವೆಯ ಹರಕೆಗಳ ಹಿಂದೆಯೂ ಈ ನಂಬಿಕೆಯೇ ಇದೆ. ನಾಗನಿಗೆ ಎದುರಾಳಿ ಗರುಡ. ವಿಷವೈದ್ಯವನ್ನು ಕುರಿತು ಹದಿನಾಲ್ಕನೆಯ ಶತಮಾನದಲ್ಲಿ ಒಂದನೆಯ ಮಂಗರಾಜನು ರಚಿಸಿದ ಕನ್ನಡ ಗ್ರಂಥದ ಹೆಸರೇ ‘ಖಗೇಂದ್ರಮಣಿದರ್ಪಣ’, ಖಗೇಂದ್ರನೆಂದರೆ ಗರುಡ. ನಾಗನ ಮುನಿಸಿನಿಂದ ಬಂತೆಂದು ಬಗೆದ ಚರ್ಮವ್ಯಾಧಿಗೆ ಮದ್ದಾದ ಕಾಯಿ ಗರುಡಫಲವಾಯಿತೆಂದು ಊಹಿಸಲು ಇಲ್ಲಿ ಅವಕಾಶವಿದೆ. ಇದು ಊಹೆಯೇ ಸರಿ. ಆದರೆ ರೋಗದ ಕಾರಣ, ದೈವ, ಮದ್ದು ಈ ಮೂರನ್ನೂ ಒಂದೇ ಪದದಲ್ಲಿ ಹೆಣೆಯುವುದು ಜನಪದ ವೈದ್ಯದ ನಾಮಕರಣಕ್ಕೆ ಅಪರೂಪದ ಸಂಗತಿಯಲ್ಲ.

‘ಸುಶ್ರುತಸಂಹಿತೆ’ಯ ಚಿಕಿತ್ಸಾಸ್ಥಾನದಲ್ಲಿ ತುವರಕದ ವಿಧಿ ಬರುತ್ತದೆ. ಈ ಮರಗಳು ಪಶ್ಚಿಮ ಸಮುದ್ರದ ತೀರಭೂಮಿಯಲ್ಲಿ ಬೆಳೆಯುತ್ತವೆ ಎಂದು ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಶಾಸ್ತ್ರವು ಈ ಮದ್ದನ್ನು ಕೊಂಕಣ, ಕೆನರಾ, ಮಲಬಾರುಗಳ ಕರಾವಳಿಯಿಂದ ಪಡೆದಿದೆ. ಆ ಕಾಡುಗಳ ಜನರ ಅನುಭವ ಶಾಸ್ತ್ರಕ್ಕೆ ಹರಿದುಬಂದ ಒಂದು ಜಾಡು ಇದು. ಅಲ್ಲಿನ ವಿಧಿಯನ್ನು ಗಮನವಿಟ್ಟು ಓದಬೇಕು. ಮಳೆಗಾಲದಲ್ಲಿ ಮಾಗಿದ ಹಣ್ಣನ್ನು ಸಂಗ್ರಹಿಸಬೇಕು. ತಿರುಳನ್ನು ಒಣಗಿಸಿ ಎಣ್ಣೆ ತೆಗೆದು, ನೀರಿನಂಶ ಹೋಗುವವರೆಗೆ ಕಾಯಿಸಬೇಕು. ಒಂದು ಪಕ್ಷದ ಕಾಲ ಸಗಣಿಯ ರಾಶಿಯಲ್ಲಿ ಹೂತಿಡಬೇಕು. ರೋಗಿಯ ದೇಹವನ್ನು ಮೊದಲೇ ಶೋಧನೆ ಮಾಡಿ, ಮಂತ್ರಪೂರ್ವಕವಾಗಿ ಕುಡಿಸಬೇಕು. ವಾಂತಿಯೂ ಭೇದಿಯೂ ಆಗುತ್ತವೆ. ಸಂಜೆ ಉಪ್ಪು ಜಿಡ್ಡುಗಳಿಲ್ಲದ ತಣ್ಣನೆಯ ಗಂಜಿ. ಐದು ದಿನ ಹೀಗೆ ಕುಡಿದ ಮೇಲೆ ಹೆಸರಿನ ಕಟ್ಟಿನ ಪಥ್ಯ, ಸಿಟ್ಟು ಮೊದಲಾದವುಗಳ ವರ್ಜನ. ಎಣ್ಣೆಯನ್ನು ಕಾಚಿನ ಮರದ ಕಷಾಯದೊಂದಿಗೆ ಪಾಕ ಮಾಡುವ ಇನ್ನೊಂದು ಕ್ರಮವೂ ಉಂಟು. ಋತು, ಪಾಕ, ಸಂಯೋಗ, ಪಥ್ಯ ಇವೆಲ್ಲ ಸೇರಿ ಇಲ್ಲಿ ಮದ್ದು ಆಗುತ್ತದೆಯೇ ಹೊರತು ಬರಿಯ ಎಣ್ಣೆ ಮದ್ದಾಗುವುದಿಲ್ಲ. ಜೊತೆಗೆ ಇನ್ನೊಂದು ಎಚ್ಚರವೂ ಅಗತ್ಯ: ಆಯುರ್ವೇದದ ಹದಿನೆಂಟು ಬಗೆಯ ಕುಷ್ಠಗಳಲ್ಲಿ ಅನೇಕ ಬೇರೆ ಬೇರೆ ಚರ್ಮರೋಗಗಳು ಸೇರಿವೆ. ಕುಷ್ಠಕ್ಕೆ ತುವರಕವೆಂದ ಮಾತ್ರಕ್ಕೆ ಇಂದಿನ ಕುಷ್ಠರೋಗವು ಅಂದೇ ಗುಣವಾಗುತ್ತಿತ್ತೆಂದು ಹೇಳಲಾಗದು.

ಬರ್ಮಾದ ಕಡೆಯ ಐತಿಹ್ಯ ಇನ್ನೂ ಕುತೂಹಲಕರ. ಕಾಶಿಯ ರಾಮನೆಂಬ ಅರಸ ಕುಷ್ಠಪೀಡಿತನಾಗಿ ರಾಜ್ಯವನ್ನು ಮಗನಿಗೊಪ್ಪಿಸಿ ಕಾಡು ಸೇರಿದ. ಅಲ್ಲಿನ ಎಲೆ ಬೇರು ಹಣ್ಣುಗಳನ್ನು ತಿಂದು ಗುಣಮುಖನಾಗಿ ಮರದ ಪೊಟರೆಯಲ್ಲಿ ವಾಸವಾಗಿದ್ದ. ಅದೇ ರೋಗದ ಕಾರಣಕ್ಕೆ ಸೋದರರು ಕಾಡಿನಲ್ಲಿ ಬಿಟ್ಟುಹೋಗಿದ್ದ ಶಾಕ್ಯ ರಾಜಕುಮಾರಿ ಪ್ರಿಯೆಯನ್ನು ಅವನು ಕಂಡು, ಅದೇ ಮದ್ದಿನಿಂದ ಗುಣಪಡಿಸಿ ಮದುವೆಯಾದ. ಅವರ ಸಂತತಿಯೇ ಕೋಲಿಯರು. ಪಾಲಿ ಅಟ್ಠಕಥೆಯಲ್ಲಿ ಈ ಕಥೆಯ ಮರ ಕೋಲ. ಬರ್ಮಾದ ಪರಂಪರೆಯಲ್ಲಿ ಅದು ಕಲಾವ್, ಎಂದರೆ ಚಾಲ್‌ಮೋಗ್ರಾ ಜಾತಿಯ ಮರ. ಕೃಷ್ಣನ ಮಗ ಸಾಂಬ ಕುಷ್ಠದಿಂದ ನರಳಿ ಸೂರ್ಯನನ್ನು ಆರಾಧಿಸಿ ಗುಣವಾದ ಪುರಾಣಕಥೆಯ ಪಕ್ಕದಲ್ಲಿ ಇದನ್ನಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ದೈವ ಗುಣಪಡಿಸಿದರೆ ಇಲ್ಲಿ ಕಾಡು ಗುಣಪಡಿಸುತ್ತದೆ. ಇಪ್ಪತ್ತನೆಯ ಶತಮಾನದ ವೈದ್ಯಲೇಖಕರು ಈ ಐತಿಹ್ಯವನ್ನು ಮದ್ದಿನ ಪ್ರಾಚೀನತೆಗೆ ಸಾಕ್ಷಿಯೆಂದು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅದು ಸರಿಯಾದ ಬಳಕೆಯಲ್ಲ. ಐತಿಹ್ಯ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಹೋದಾಗ ಅಲ್ಲಿನ ಜನ ಬಲ್ಲ ಮರದ ಮೇಲೆ ಹೋಗಿ ಕೂರುತ್ತದೆ. ಕಥೆಯಲ್ಲಿ ಕೋಲ ಕಲಾವ್ ಆದದ್ದು ಬರ್ಮಾದ ಜನರಿಗೆ ಆ ಮರದ ಗುಣ ತಿಳಿದಿತ್ತೆಂಬುದನ್ನು ತೋರಿಸುತ್ತದೆ. ಬುದ್ಧಪೂರ್ವ ಕಾಲದ ಚಿಕಿತ್ಸೆಯನ್ನಲ್ಲ.

ಮರೊಟ್ಟಿಯ ಹೆಸರು ಮತ್ತು ಚಿತ್ರ ಯುರೋಪಿಗೆ ಮುಟ್ಟಿದ್ದು 1678ರಲ್ಲಿ. ಡಚ್ ಗವರ್ನರ್ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಸಂಪುಟಗಳಲ್ಲಿ ಮೊದಲನೆಯದರಲ್ಲೇ ಮರೊಟ್ಟಿ ಇದೆ. ಆ ಗ್ರಂಥಕ್ಕೆ ಚೇರ್ತಲದ ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು ನೆರವಾದರು. ಅವರ ಪ್ರಮಾಣಪತ್ರಗಳು ಅವರವರ ಭಾಷೆ ಲಿಪಿಗಳಲ್ಲೇ ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಕನ್ನಡಿಗರಿಗೆ 1800-01ರ ಮೈಸೂರು, ಕೆನರಾ, ಮಲಬಾರು ಪ್ರವಾಸದ ಮೂಲಕ ಪರಿಚಿತನಾದ ಫ್ರಾನ್ಸಿಸ್ ಬುಕಾನನ್ ಮುಂದೆ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ ಮರೊಟ್ಟಿಗೆ ವೈಜ್ಞಾನಿಕ ಹೆಸರಿಟ್ಟ. ಇಂದಿನ ಪೆಂಟಾಂಡ್ರಸ್ ಎಂಬ ಪದ ಅವನದೇ ಕೊಡುಗೆ. ಹೀಗೆ ಪಶ್ಚಿಮ ಕರಾವಳಿಯ ಮರ ಹೆಸರು, ಚಿತ್ರ, ಹೇಳಿದವರ ಸಹಿ ಸಮೇತ ದಾಖಲೆಯಲ್ಲಿತ್ತು. ಆದರೂ ಬ್ರಿಟಿಷ್ ವೈದ್ಯಶಾಸ್ತ್ರ ಈ ಮದ್ದನ್ನು ಅಪ್ಪಿದ್ದು ಇಲ್ಲಿಂದಲ್ಲ.

ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಫ್ರೆಡರಿಕ್ ಜಾನ್ ಮೌಯಟ್ 1854ರಲ್ಲಿ ಚಾಲ್‌ಮೋಗ್ರಾವನ್ನು ಕುರಿತು ಪ್ರಕಟಿಸಿದ ಲೇಖನದಿಂದ ಪಾಶ್ಚಾತ್ಯ ವೈದ್ಯದಲ್ಲಿ ಅದರ ಬಳಕೆ ಶುರುವಾಯಿತು. 1868ರ ‘ಫಾರ್ಮಕೋಪಿಯಾ ಆಫ್ ಇಂಡಿಯಾ’ದಲ್ಲಿ ಅದಕ್ಕೆ ಅಧಿಕೃತ ಸ್ಥಾನವೂ ಸಿಕ್ಕಿತು. ಆದರೆ ಅಲ್ಲಿ ಮುದ್ರಿತವಾದ ಸಸ್ಯದ ಹೆಸರು ಗೈನೊಕಾರ್ಡಿಯಾ ಒಡೊರಾಟಾ. ವಿಲಿಯಂ ರಾಕ್ಸ್‌ಬರ್ಗ್ ಬಹಳ ಹಿಂದೆ ಚಾಲ್‌ಮೋಗ್ರಾ ಎಂಬ ದೇಶೀ ಹೆಸರನ್ನು ಬೇರೊಂದು ಮರಕ್ಕೆ ತಗುಲಿಸಿದ್ದೇ ಈ ಗೊಂದಲದ ಮೂಲ. ಅರ್ಧ ಶತಮಾನದವರೆಗೆ ವೈದ್ಯರು, ರಸಾಯನಜ್ಞರು, ಔಷಧ ಕಂಪೆನಿಗಳು ಈ ತಪ್ಪು ಹೆಸರಿನಲ್ಲೇ ವ್ಯವಹರಿಸಿದರು. ಎಣ್ಣೆಯಿಂದ ತೆಗೆದ ಆಮ್ಲಕ್ಕೆ ಗೈನೊಕಾರ್ಡಿಕ್ ಆಮ್ಲವೆಂಬ ಹೆಸರೂ ಬಂತು. ಮಾರುಕಟ್ಟೆಯ ಬೀಜಗಳು ಗೈನೊಕಾರ್ಡಿಯಾದವಲ್ಲವೆಂಬ ಸಂಶಯ ಪ್ಯಾರಿಸ್‌ನಲ್ಲಿ ಎದ್ದು, ಕೊನೆಗೆ ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಸಂಧಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಡೇವಿಡ್ ಪ್ರೈನ್ ಅವು ಟರಾಕ್ಟೊಜಿನಸ್ ಕರ್ಜಿ, ಅಂದರೆ ಈಗಿನ ಹೈಡ್ನೊಕಾರ್ಪಸ್ ಕರ್ಜಿ ಮರದ ಬೀಜಗಳೆಂದು ತೀರ್ಮಾನಿಸಿದ. 1904ರಿಂದಾಚೆಗೆ ಲಂಡನ್ನಿನಲ್ಲಿ ಫ್ರೆಡರಿಕ್ ಪವರ್ ಮತ್ತು ಸಂಗಡಿಗರು ಈ ಎಣ್ಣೆಯಿಂದ ಚಾಲ್‌ಮೂಗ್ರಿಕ್ ಮತ್ತು ಹೈಡ್ನೊಕಾರ್ಪಿಕ್ ಆಮ್ಲಗಳನ್ನು ಬೇರ್ಪಡಿಸಿದರು. ಪಶ್ಚಿಮ ಘಟ್ಟದ ಗರುಡಫಲದಲ್ಲಿ ಇವೇ ಆಮ್ಲಗಳಿದ್ದವು, ಗೈನೊಕಾರ್ಡಿಯಾದಲ್ಲಿ ಇರಲಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು ಒಂದಿದೆ. ತಪ್ಪು ಹೆಸರು ಅಚ್ಚಾದ ಆ ಐವತ್ತು ವರ್ಷಗಳಲ್ಲೂ ಬೀಜ ಸಂಗ್ರಹಿಸುತ್ತಿದ್ದ ಗುಡ್ಡಗಾಡಿನವರೂ ಅದನ್ನು ಮಾರುತ್ತಿದ್ದ ಅಂಗಡಿಯವರೂ ಸರಿಯಾದ ಬೀಜವನ್ನೇ ಕೊಡುತ್ತ ಬಂದರು. ಗ್ರಂಥ ತಪ್ಪಿತು, ಬಜಾರು ತಪ್ಪಲಿಲ್ಲ. ಮೌಖಿಕ ಜ್ಞಾನ ಅನಿಶ್ಚಿತವೆಂದೂ ಮುದ್ರಿತ ಜ್ಞಾನ ಖಚಿತವೆಂದೂ ಇರುವ ಸಾಮಾನ್ಯ ಗ್ರಹಿಕೆಗೆ ಇದಕ್ಕಿಂತ ಒಳ್ಳೆಯ ಪ್ರತ್ಯುದಾಹರಣೆ ಸಿಗುವುದು ಕಷ್ಟ.

ಮದ್ದು ಸಿಕ್ಕಿತು, ಆದರೆ ಅದನ್ನು ತೆಗೆದುಕೊಳ್ಳುವುದೇ ಯಾತನೆಯಾಗಿತ್ತು. ಕುಡಿದರೆ ಹೊಟ್ಟೆ ತೊಳಸಿ ವಾಂತಿ. ಸೂಜಿಯಿಂದ ಚುಚ್ಚಿದರೆ ಮಂದವಾದ ಎಣ್ಣೆ ದೇಹದಲ್ಲಿ ಹರಡದೆ ಚರ್ಮದಡಿ ಗಂಟು ಕಟ್ಟಿ ಕೀವಾಗುತ್ತಿತ್ತು. ಹವಾಯಿ ದ್ವೀಪಗಳಲ್ಲಿ ಕುಷ್ಠರೋಗಿಗಳನ್ನು 1866ರಿಂದ ಮೊಲೊಕಾಯ್ ದ್ವೀಪಕ್ಕೆ ಸಾಗಿಸಿ ಪ್ರತ್ಯೇಕವಾಗಿಡುವ ಕಾನೂನು ನಡೆಯುತ್ತಿತ್ತು. ಅಲ್ಲಿನ ವೈದ್ಯ ಹ್ಯಾರಿ ಹಾಲ್‌ಮನ್ನನ ಕೋರಿಕೆಯಂತೆ ಆಲಿಸ್ ಬಾಲ್ ಎಂಬ ಯುವ ರಸಾಯನಜ್ಞೆ ಎಣ್ಣೆಯ ಆಮ್ಲಗಳನ್ನು ಎಥಿಲ್ ಎಸ್ಟರುಗಳಾಗಿ ಮಾರ್ಪಡಿಸಿ, ಸುಲಭವಾಗಿ ಚುಚ್ಚಬಲ್ಲ ತೆಳುವಾದ ರೂಪಕ್ಕೆ ತಂದಳು. ಆಗಿನ ಹವಾಯಿ ಕಾಲೇಜಿನಿಂದ ಸ್ನಾತಕೋತ್ತರ ಪದವಿ ಪಡೆದ ಮೊದಲ ಮಹಿಳೆಯೂ ಮೊದಲ ಕರಿಯ ಜನಾಂಗದ ವ್ಯಕ್ತಿಯೂ ಆಕೆಯೇ. ಆಕೆಯ ಪ್ರೌಢಪ್ರಬಂಧದ ವಸು ಕೂಡ ಆ ದ್ವೀಪಗಳ ಜನಪದ ಮದ್ದಾದ ಕಾವಾ ಬೇರಾಗಿತ್ತು. 1916ರ ಕೊನೆಯ ದಿನ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಕೆಲಸವನ್ನು ಮುಂದುವರಿಸಿದ ಮೇಲಧಿಕಾರಿ ಆರ್ಥರ್ ಡೀನ್ ಆಕೆಯ ಹೆಸರು ಹೇಳದೆ ಪ್ರಕಟಿಸಿದ. 1922ರಲ್ಲಿ ಹಾಲ್‌ಮನ್ ಅದನ್ನು ಬಾಲ್ ವಿಧಾನವೆಂದೇ ಕರೆದು ಬರೆದರೂ ಆ ಮಾತು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಆಕೆಯ ಸ್ಮರಣಫಲಕ ಅಲ್ಲಿನ ವಿಶ್ವವಿದ್ಯಾಲಯದ ಚಾಲ್‌ಮೋಗ್ರಾ ಮರದಡಿ ಬಂದದ್ದು 2000ದಲ್ಲಿ.

ಭಾರತದಲ್ಲಿ ಲಿಯೊನಾರ್ಡ್ ರಾಜರ್ಸ್ ಕಲ್ಕತ್ತೆಯಲ್ಲಿ ಈ ಆಮ್ಲಗಳ ಸೋಡಿಯಂ ಲವಣಗಳನ್ನು ಬಳಕೆಗೆ ತಂದ. ಕ್ರಮೇಣ ಬರ್ಮಾದ ಎಣ್ಣೆಗಿಂತ ಪಶ್ಚಿಮ ಕರಾವಳಿಯ ಗರುಡಫಲದ ಎಣ್ಣೆಗೇ ಇಲ್ಲಿ ಪ್ರಾಶಸ್ತ್ಯ ಬಂತು. ಅದರ ಪರಿಣಾಮ ಎಷ್ಟು? ಆರಂಭದ ಹಂತದ ಕೆಲವರಿಗೆ ಕಲೆಗಳು ಮಾಸಿದವು, ಹುಣ್ಣು ಮಾಯ್ದವು. ಅನೇಕರಿಗೆ ರೋಗ ಮರುಕಳಿಸಿತು. ಖಚಿತವಾಗಿ ಅಳೆಯುವ ದಾರಿಯೂ ಇರಲಿಲ್ಲ, ಏಕೆಂದರೆ 1873ರಲ್ಲಿ ಹ್ಯಾನ್ಸನ್ ಗುರುತಿಸಿದ ಕುಷ್ಠದ ದಂಡಾಣುವನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಲು ಯಾರಿಂದಲೂ ಆಗಿರಲಿಲ್ಲ. ಇಂದಿಗೂ ಆಗಿಲ್ಲ. ಆದ್ದರಿಂದ ಹಳ್ಳಿಯ ವೈದ್ಯನಂತೆಯೇ ಆಸ್ಪತ್ರೆಯ ವೈದ್ಯನೂ ರೋಗಿಯ ಮೈ ನೋಡಿಯೇ ತೀರ್ಮಾನಿಸಬೇಕಾಗಿತ್ತು.

1941ರಲ್ಲಿ ಅಮೆರಿಕದ ಕಾರ್ವಿಲ್‌ನಲ್ಲಿ ಗೈ ಫ್ಯಾಜೆ ಸಲ್ಫೋನ್ ವರ್ಗದ ಪ್ರೋಮಿನ್ ಔಷಧವನ್ನು ಪ್ರಯೋಗಿಸಿದ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಆ ವರ್ಗದ ಮೂಲದ್ರವ್ಯವಾದ ಡ್ಯಾಪ್ಸೋನನ್ನು ಬಳಸಿ ನೋಡಿದ. 1950ರ ದಶಕಕ್ಕೆ ಬರುವ ಹೊತ್ತಿಗೆ ಡ್ಯಾಪ್ಸೋನ್ ಗುಳಿಗೆ ಎಲ್ಲೆಡೆ ಹಬ್ಬಿ ಎಣ್ಣೆಯ ಯುಗ ಮುಗಿಯಿತು. ಅಗ್ಗದ ಗುಳಿಗೆ, ನೋವಿಲ್ಲ, ಪರಿಣಾಮ ಸ್ಪಷ್ಟ. ರೋಗಿಗಳ ಪಾಲಿಗೆ ಇದು ನಿಜವಾದ ಬಿಡುಗಡೆಯಾಗಿತ್ತೆಂಬುದನ್ನು ಜನಪದ ಮದ್ದಿನ ಅಭಿಮಾನದಿಂದ ಮರೆಮಾಚಬಾರದು. ಆದರೆ ಒಂದೇ ಔಷಧವನ್ನು ವರ್ಷಗಟ್ಟಲೆ ನುಂಗಿಸಿದ್ದರ ಫಲವೂ ಬಂತು. ಚಾರ್ಲ್ಸ್ ಶೆಪರ್ಡ್ 1960ರಲ್ಲಿ ಕುಷ್ಠದ ದಂಡಾಣುವನ್ನು ಇಲಿಯ ಪಾದದಲ್ಲಿ ಬೆಳೆಸುವ ವಿಧಾನ ಕಂಡುಹಿಡಿದಿದ್ದ. ಅದನ್ನೇ ಬಳಸಿ ಪೆಟಿಟ್ ಮತ್ತು ರೀಸ್ 1964ರಲ್ಲಿ ಮಲಯಾದ ಸುಂಗೈ ಬುಲೊ ಆಸ್ಪತ್ರೆಯ ರೋಗಿಗಳ ದಂಡಾಣುಗಳಿಗೆ ಸಲ್ಫೋನ್ ತಾಗುತ್ತಿಲ್ಲವೆಂದು ಸಾಬೀತುಪಡಿಸಿದರು. ಅಲ್ಲಿಂದ ಒಂದಾದ ಮೇಲೊಂದು ದೇಶದಿಂದ ಅದೇ ವರದಿ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೊಫಾಜಿಮಿನ್ ಮೂರನ್ನೂ ಕೂಡಿಸಿ ಕೊಡುವ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ದಂಡಾಣು ಒಂದು ಔಷಧದಿಂದ ತಪ್ಪಿಸಿಕೊಂಡರೂ ಇನ್ನೊಂದಕ್ಕೆ ಸಿಕ್ಕಿಬೀಳಬೇಕು ಎಂಬುದು ಅದರ ತತ್ತ್ವ. (ಈ ಮೂರರಲ್ಲಿ ರಿಫಾಂಪಿಸಿನ್ನಿನ ಮೂಲ ಮಣ್ಣಿನ ಸೂಕ್ಷ್ಮಾಣು, ಕ್ಲೊಫಾಜಿಮಿನ್ ಹುಟ್ಟಿದ್ದು ಡಬ್ಲಿನ್ನಿನಲ್ಲಿ ಕಲ್ಲುಹೂವಿನ ರಸಾಯನವನ್ನು ಬೆನ್ನಟ್ಟಿದ ಸಂಶೋಧನೆಯ ಮುಂದುವರಿಕೆಯಾಗಿ.) ಈ ಚಿಕಿತ್ಸೆಯ ಬಲದಿಂದಲೇ ಭಾರತ 2005ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿತು. ಹಾಗೆಂದು ರೋಗ ಅಳಿದಿಲ್ಲ. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಷ್ಟೇ ಎಂಬುದು ಕಳಂಕದ ದೀರ್ಘಾಯುಷ್ಯವನ್ನು ಸೂಚಿಸುತ್ತದೆ.

ಎಣ್ಣೆಯನ್ನು ಜಗತ್ತು ಮರೆತ ಮೇಲೆ ಅದರ ಬಗ್ಗೆ ಎರಡು ಬಗೆಯ ಶೋಧಗಳು ಸದ್ದಿಲ್ಲದೆ ನಡೆದವು. 1975ರಲ್ಲಿ ಲೂಯಿ ಲೆವಿ ಚಾಲ್‌ಮೋಗ್ರಾದ ಆಮ್ಲಗಳು ಇಲಿಯ ಪಾದದಲ್ಲಿ ಕುಷ್ಠದ ದಂಡಾಣುವಿನ ಬೆಳವಣಿಗೆಯನ್ನು ತಡೆಯುತ್ತವೆಂದು ತೋರಿಸಿದ. ಮದ್ದು ಪೂರ್ತಿ ಭ್ರಮೆಯಾಗಿರಲಿಲ್ಲ ಎಂಬುದು, ಅದು ಬಳಕೆಯಿಂದ ಹೋಗಿ ಕಾಲು ಶತಮಾನವಾದ ಮೇಲೆ ಹೀಗೆ ಖಚಿತವಾಯಿತು. ಅದೇ ದಶಕದಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಟಿ. ಆರ್. ಶೇಷಾದ್ರಿ ಮತ್ತು ಸಹೋದ್ಯೋಗಿಗಳು ಗರುಡಫಲದ ಬೀಜದಿಂದ ಹೈಡ್ನೊಕಾರ್ಪಿನ್ ಎಂಬ ಹೊಸ ಸಂಯುಕ್ತವನ್ನು ಬೇರ್ಪಡಿಸಿದರು. ಅದರದೇ ಬಳಗದ ಮೆಥಾಕ್ಸಿಹೈಡ್ನೊಕಾರ್ಪಿನ್ ಎಂಬ ಇನ್ನೊಂದು ಸಂಯುಕ್ತವೂ ಚಾಲ್‌ಮೋಗ್ರಾ ಎಣ್ಣೆಯ ಅಲ್ಪಾಂಶವೆಂದು ದಾಖಲಾಯಿತು. ಪಟ್ಟಿಯಲ್ಲಿ ಒಂದು ಹೆಸರಾಗಿ ಅದು ಹಾಗೆಯೇ ಉಳಿಯಬಹುದಾಗಿತ್ತು.

2000ದಲ್ಲಿ ಅಮೆರಿಕದ ಫ್ರಾಂಕ್ ಸ್ಟೆರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಬರ್ಬೆರಿಸ್ ಕುಲದ ಔಷಧಸಸ್ಯಗಳನ್ನು ಪರೀಕ್ಷಿಸುತ್ತಿದ್ದರು. ಇವು ನಮ್ಮ ಆಯುರ್ವೇದದ ದಾರುಹರಿದ್ರೆಯ ಬಳಗದವು. ಇವುಗಳ ಹಳದಿ ಬಣ್ಣಕ್ಕೆ ಕಾರಣವಾದ ಬರ್ಬೆರಿನ್ ಘಟ್ಟದ ಮರದರಿಶಿನದಲ್ಲಿಯೂ ಇದೆ. ಬರ್ಬೆರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದು, ಆದರೆ ಬಿಡಿಯಾಗಿ ಅದು ದುರ್ಬಲ. ಕಾರಣವೇನೆಂದರೆ, ಕೀವುಹುಣ್ಣುಗಳಿಗೆ ಕಾರಣವಾಗುವ ಸ್ಟೆಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಮೈಪೊರೆಯಲ್ಲಿ ನಾರ್‌ಎ ಎಂಬ ಹೊರಪಂಪೊಂದಿದೆ. ದೋಣಿಯೊಳಗೆ ನುಗ್ಗಿದ ನೀರನ್ನು ಅಂಬಿಗ ಮೊಗೆಮೊಗೆದು ಹೊರಚೆಲ್ಲುವಂತೆ ಅದು ಒಳಹೊಕ್ಕ ಔಷಧವನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾಗಳ ಔಷಧ ನಿರೋಧಕ್ಕೆ ಇರುವ ಹಲವು ಉಪಾಯಗಳಲ್ಲಿ ಇದೊಂದು. ಆಸ್ಪತ್ರೆಯ ಕೆಲವು ಪ್ರತಿಜೈವಿಕಗಳನ್ನೂ ಈ ಪಂಪು ಹೀಗೆಯೇ ಹೊರಹಾಕುತ್ತದೆ. ಸಂಶೋಧಕರಿಗೆ ಕಂಡದ್ದು ಇದು: ಬರ್ಬೆರಿನ್ ತಯಾರಿಸುವ ಅದೇ ಗಿಡಗಳಲ್ಲಿ ಕೆಲವು ಆ ಪಂಪನ್ನು ಕಟ್ಟಿಹಾಕುವ ಇನ್ನೊಂದು ದ್ರವ್ಯವನ್ನೂ ತಯಾರಿಸುತ್ತಿದ್ದವು. ಆ ದ್ರವ್ಯ ಒಂಟಿಯಾಗಿ ಯಾವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿರಲಿಲ್ಲ. ಬರ್ಬೆರಿನ್ ಜೊತೆಗಿದ್ದಾಗ ಮಾತ್ರ, ಮೊಗೆಯುವ ಕೈಯನ್ನು ಹಿಡಿದು, ಬರ್ಬೆರಿನ್ ಜೀವಕೋಶದೊಳಗೆ ತುಂಬಿಕೊಳ್ಳುವಂತೆ ಮಾಡುತ್ತಿತ್ತು. ಅದನ್ನು ಗುರುತಿಸಿದಾಗ ತಿಳಿದದ್ದು, ಅದು ಚಾಲ್‌ಮೋಗ್ರಾದ ಅಲ್ಪಾಂಶವಾಗಿ ಮೊದಲೇ ದಾಖಲಾಗಿದ್ದ ಮೆಥಾಕ್ಸಿಹೈಡ್ನೊಕಾರ್ಪಿನ್.

ಈ ಶೋಧವನ್ನು ಎಲ್ಲಿಯವರೆಗೆ ಒಯ್ಯಬಹುದು ಎಂಬಲ್ಲಿ ಸಂಯಮ ಬೇಕು. ಪಂಪು ನಿಂತದ್ದು ಸ್ಟೆಫೈಲೋಕಾಕಸ್‌ನಲ್ಲಿ, ಅದೂ ಪ್ರಯೋಗಾಲಯದಲ್ಲಿ. ಕುಷ್ಠದ ದಂಡಾಣುವಿನಲ್ಲಿ ಅಲ್ಲ. ಗರುಡಫಲದ ಎಣ್ಣೆ ಇದೇ ಕಾರಣದಿಂದ ಕೆಲಸ ಮಾಡುತ್ತಿತ್ತು ಎನ್ನಲು ಆಧಾರವಿಲ್ಲ. ಈ ದ್ರವ್ಯದಿಂದ ಆಸ್ಪತ್ರೆಯಲ್ಲಿ ಬಳಸುವ ಔಷಧವೂ ಹೊರಬಂದಿಲ್ಲ. 2019ರ ಒಂದೇ ವರ್ಷದಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಜನ ಸತ್ತಿರಬೇಕೆಂಬ ಜಾಗತಿಕ ಅಂದಾಜು ಪ್ರಕಟವಾಗಿರುವಾಗ, ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂಬ ಘೋಷಣೆ ರೋಗಿಗೆ ಅಪಾಯಕಾರಿಯೂ ಹೌದು. ಆದರೆ ಶೋಧದ ತಿರುಳು ಬೇರೆಯೇ ಕಡೆ ಇದೆ. ಒಂದು ಗಿಡದಿಂದ ಕೊಲ್ಲುವ ಅಂಶವನ್ನು ಮಾತ್ರ ಬಿಡಿಸಿ ತೆಗೆದು ಉಳಿದದ್ದನ್ನು ಗಸಿಯೆಂದು ಚೆಲ್ಲುವ ವಿಧಾನಕ್ಕೆ, ತಾನಾಗಿ ಏನನ್ನೂ ಕೊಲ್ಲದ ಈ ದ್ರವ್ಯ ಎಂದಿಗೂ ಸಿಗುತ್ತಿರಲಿಲ್ಲ. ಪ್ರತಿ ಅಂಶವನ್ನೂ ಒಂಟಿಯಾಗಿ ಪರೀಕ್ಷಿಸಿದವರು ಅದನ್ನು ನಿಷ್ಪ್ರಯೋಜಕವೆಂದೇ ಬರೆಯುತ್ತಿದ್ದರು.

ಕನ್ನಡದ ಜನಪದ ವೈದ್ಯ ಸಂಗ್ರಹಗಳ ಮುಂದೆ ಈ ಮಾತನ್ನು ಇಟ್ಟು ನೋಡಬೇಕಾಗಿದೆ. ಅವುಗಳಲ್ಲಿ ಬಹುಪಾಲು ಒಂದು ಕಡೆ ರೋಗದ ಹೆಸರು, ಇನ್ನೊಂದು ಕಡೆ ಗಿಡದ ಹೆಸರು, ನಡುವೆ ಅರೆದು ಹಚ್ಚುವುದು ಅಥವಾ ಕುಡಿಸುವುದು ಎಂಬ ಒಂದು ಸಾಲು ಎಂಬ ರೀತಿಯಲ್ಲಿವೆ. ಅನುಪಾನವೇನು, ಯಾವ ತಿಂಗಳು ಕಿತ್ತದ್ದು, ಎಷ್ಟು ದಿನ ಇಟ್ಟದ್ದು, ಯಾವ ಪಾತ್ರೆ, ಜೊತೆಗೆ ಬೆರೆಸಿದ ಇನ್ನೆರಡು ಬೇರುಗಳು ಯಾವುವು, ಏನನ್ನು ತಿನ್ನಬಾರದು ಎಂಬ ವಿವರಗಳು ವೈದ್ಯನ ಖಾಸಗಿ ನಂಬಿಕೆಯೆಂದೋ ಆಚರಣೆಯೆಂದೋ ಬಿಟ್ಟುಹೋಗಿವೆ. ಮದ್ದನ್ನು ಹೊರಗೆ ಹೇಳಿದರೆ ಕೈಗುಣ ಹೋಗುತ್ತದೆಂಬ ನಂಬಿಕೆಯಿಂದ ವೈದ್ಯರೇ ಕೆಲವನ್ನು ಮರೆಮಾಡಿರುವುದೂ ಉಂಟು. ಸಂಗ್ರಾಹಕ ತಿಳಿಯದೆಯೇ ರಸಾಯನಜ್ಞನ ಏಕದ್ರವ್ಯ ದೃಷ್ಟಿಯನ್ನು ತನ್ನದಾಗಿಸಿಕೊಂಡಿದ್ದಾನೆ. ಸುಶ್ರುತನ ತುವರಕ ವಿಧಿಯಲ್ಲಿ ಇರುವಷ್ಟು ವಿವರವೂ ಎಷ್ಟೋ ಆಧುನಿಕ ಸಂಗ್ರಹಗಳಲ್ಲಿ ಇಲ್ಲ. ಹೆಸರುಗಳ ಸ್ಥಿತಿಯೂ ಸಮಾಧಾನಕರವಲ್ಲ. ಒಂದೇ ದೇಶೀ ಹೆಸರು ತಾಲೂಕಿನಿಂದ ತಾಲೂಕಿಗೆ ಬೇರೆ ಗಿಡಕ್ಕೆ ಸಲ್ಲುವಾಗ, ಸಂಗ್ರಾಹಕ ಯಾವುದೋ ನಿಘಂಟು ನೋಡಿ ಲ್ಯಾಟಿನ್ ಹೆಸರು 붙ಿಸಿದರೆ ರಾಕ್ಸ್‌ಬರ್ಗನ ತಪ್ಪೇ ಮರುಕಳಿಸುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಬಳಿಕ ಗ್ರಾಮಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯ ಕೆಲಸ ಕರ್ನಾಟಕದಲ್ಲಿಯೂ ನಡೆದಿದೆ. ಜಾನಪದ ಕ್ಷೇತ್ರಕಾರ್ಯ ಅದರೊಂದಿಗೆ ಕೈಜೋಡಿಸುವುದಾದರೆ ಗಿಡದ ಒಣಮಾದರಿ, ಕಿತ್ತ ಋತು, ಪಾಕದ ಕ್ರಮ, ಕೂಡಿಸಿದ ಇತರ ದ್ರವ್ಯಗಳು, ಪಥ್ಯ, ಹೇಳಿದವರ ಹೆಸರು ಮತ್ತು ಒಪ್ಪಿಗೆ ಇವಿಷ್ಟೂ ಒಂದೇ ದಾಖಲೆಯಲ್ಲಿ ಇರಬೇಕು. ಮದ್ದು ಫಲಿಸದ ಸಂದರ್ಭಗಳನ್ನೂ ಕೇಳಿ ಬರೆದುಕೊಳ್ಳಬೇಕು. ಇಟ್ಟಿ ಅಚ್ಯುತನ್ನನ ಹೇಳಿಕೆ ಅವನ ಸಹಿಯೊಡನೆ 1678ರಲ್ಲೇ ಅಚ್ಚಾಗಿತ್ತು. 2000ದ ಸಂಶೋಧನ ಪ್ರಬಂಧದ ಸಾರಾಂಶದಲ್ಲಿ ಆ ಇಡೀ ಪರಂಪರೆಗೆ ಸಿಕ್ಕಿರುವುದು ಕುಷ್ಠಕ್ಕೆ ಸಾಂಪ್ರದಾಯಿಕ ಚಿಕಿತ್ಸೆ ಎಂಬರ್ಥದ ಒಂದು ಪದಪುಂಜ ಮಾತ್ರ.